ಮಣ್ಣನ್ನು ಕೊಂದು ಯಾರನ್ನು ಉಳಿಸುತ್ತೀರಿ?

2015ರಿಂದ ಸರ್ಕಾರ ರೈತರಿಗೆ ಮಣ್ಣಿನ ಆರೋಗ್ಯ ಕಾರ್ಡ್ ಹಂಚುತ್ತಿದೆ. ಸಾರಜನಕ, ರಂಜಕ, ಸತು, ಬೋರಾನ್, ರಸಸಾರ ಎಂದು 12 ಅಂಶಗಳ ಲೆಕ್ಕ ಅದರಲ್ಲಿದೆ. ಮಣ್ಣಿನಲ್ಲಿ ಬದುಕಿರುವ ಒಂದೇ ಒಂದು ಜೀವಿಯ ಲೆಕ್ಕವಿಲ್ಲ! ಉಸಿರಾಡುವ ಮಣ್ಣನ್ನು ಉಗ್ರಾಣದ ಸರಕಿನಂತೆ ತೂಗುವ ಈ ಆಡಳಿತಕ್ಕೆ ಬೇರಿನ ಬುಡದಲ್ಲಿ ಏನು ನಡೆಯುತ್ತದೆಂಬ ಅರಿವಾದರೂ ಇದೆಯೇ?

ರಂಜಕ ಸಾಲದಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕ ಸ್ರವಿಸಿ ಮೈಕೊರೈಜಾ ಶಿಲೀಂಧ್ರವನ್ನು ಕರೆಯುತ್ತದೆ. ಶಿಲೀಂಧ್ರ ಕೈಟಿನ್ ತುಣುಕುಗಳನ್ನು ಕಳಿಸಿ ಓಗೊಡುತ್ತದೆ. ಬೇರಿನ ಕೋಶಪೊರೆಯಲ್ಲಿರುವ ಗ್ರಾಹಕ ಪ್ರೋಟೀನುಗಳು ಆ ತುಣುಕುಗಳನ್ನು ಗುರುತು ಹಿಡಿಯುತ್ತವೆ. ಕೂಡಲೇ ಕೋಶಕೇಂದ್ರದಲ್ಲಿ ಕ್ಯಾಲ್ಸಿಯಂ ಏರಿಳಿಯತೊಡಗುತ್ತದೆ. ಸಿಸಿಎಎಮ್‌ಕೆ ಎಂಬ ಪ್ರೋಟೀನು ಆ ಏರಿಳಿತವನ್ನು ಗ್ರಹಿಸಿ, ಸಹಜೀವನದ ಜೀನುಗಳನ್ನು ಎಚ್ಚರಿಸುತ್ತದೆ. ಆಮೇಲೆಯೇ ಶಿಲೀಂಧ್ರಕ್ಕೆ ಒಳಗೆ ಪ್ರವೇಶ. ಅದು ಕೋಶದೊಳಗೆ ಕವಲು ಕವಲಾಗಿ ಹರಡಿ ರಂಜಕ ಕೊಡುತ್ತದೆ, ಸಕ್ಕರೆ ಮತ್ತು ಕೊಬ್ಬು ಪಡೆಯುತ್ತದೆ. 40 ಕೋಟಿ ವರ್ಷಗಳಿಂದ ನಡೆದುಬಂದ ಕೊಡು-ಕೊಳ್ಳುವಿಕೆ ಇದು.

ಇದನ್ನು ನಾವು ನಾಲ್ಕು ದಶಕಗಳಲ್ಲಿ ಹಾಳುಗೆಡವುತ್ತಿದ್ದೇವೆ. ಮಣ್ಣು ಪರೀಕ್ಷೆಯ ಗೊಡವೆಯಿಲ್ಲದೆ ರಂಜಕದ ಗೊಬ್ಬರವಾದ ಡಿಎಪಿ ಸುರಿಯುತ್ತೇವೆ. ರಂಜಕ ಹೆಚ್ಚಾದರೆ ಗಿಡದೊಳಗಿನ ಎಸ್‌ಪಿಎಕ್ಸ್ ಪ್ರೋಟೀನುಗಳು, ಸಹಜೀವನದ ಜೀನುಗಳನ್ನು ನಡೆಸುವ ಪಿಎಚ್‌ಆರ್ ಪ್ರೋಟೀನುಗಳನ್ನು ಕಟ್ಟಿಹಾಕುತ್ತವೆ. ಭತ್ತದಲ್ಲಿ ಇದು 2021ರಲ್ಲೇ ರುಜುವಾತಾಗಿದೆ. ಬೇರು ಶಿಲೀಂಧ್ರವನ್ನು ಕರೆಯುವುದನ್ನೇ ಬಿಡುತ್ತದೆ. ಮೇಲಿಂದ ಮೇಲೆ ರೋಟವೇಟರ್ ಹೊಡೆದು ಶಿಲೀಂಧ್ರದ ಎಳೆಗಳನ್ನು ಕತ್ತರಿಸುತ್ತೇವೆ. ಇಷ್ಟು ಸಾಲದೆಂಬಂತೆ ಊರಾಚೆಯ ಹೊಲಗಳಿಗೆ ಜೆಸಿಬಿ ಇಳಿಯುತ್ತದೆ. ಹಲ್ಲುಗಳ ಸಂದಿನಲ್ಲಿ ರಾಗಿ ಕೂಳೆ ಬೇರುಸಮೇತ ಜೋತಾಡುತ್ತಿರುತ್ತದೆ. ಮೇಲ್ಮಣ್ಣು ಟಿಪ್ಪರ್ ತುಂಬಿ ಇಟ್ಟಿಗೆ ಗೂಡಿಗೆ ಹೋಗುತ್ತದೆ. ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯಲಾರದು. ಅದರ ಮನೆಯನ್ನೇ ಸುಟ್ಟು ನಮ್ಮ ಮನೆ ಕಟ್ಟುತ್ತಿದ್ದೇವೆ.

ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ವಿಜ್ಞಾನಿ ಡಿ. ಜೆ. ಬಾಗ್ಯರಾಜ್ ಮತ್ತು ಸಂಗಡಿಗರು ಈ ಶಿಲೀಂಧ್ರಗಳ ಉಪಕಾರವನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ರೈತನನ್ನು ನಾನು ದೂರುವುದಿಲ್ಲ. ಅವನ ಕೈಗೆ ಅಗ್ಗದ ಗೊಬ್ಬರದ ಚೀಲ ಕೊಟ್ಟು ಅರಿವನ್ನು ಕೊಡದವರನ್ನು ದೂರುತ್ತೇನೆ. ಕಾರ್ಡಿನಲ್ಲಿ ಮಣ್ಣಿನ ಜೀವಿಗಳಿಗೂ ಜಾಗ ಸಿಗಲಿ. ಪರೀಕ್ಷೆಯಿಲ್ಲದೆ ರಂಜಕ ಹಾಕಿಸುವುದು ನಿಲ್ಲಲಿ. ಉಳುವ ಹೊಲದ ಮೇಲ್ಮಣ್ಣು ಮಾರುವುದು ಅಪರಾಧವಾಗಲಿ. ಮಣ್ಣನ್ನು ಕೊಂದು ರೈತನನ್ನು ಉಳಿಸುತ್ತೇವೆಂಬ ಮಾತನ್ನು ಇನ್ನು ನಾವು ನಂಬುವುದಿಲ್ಲ.