ತೇರ್ಗಡೆಯಾದ ಕಾರು ಗಟ್ಟಿಯೇ? ಬ್ರಿಟನ್ನಿನ ಎಂಒಟಿ ಹೇಳುವುದು, ಹೇಳದಿರುವುದು

ಬ್ರಿಟನ್ನಿನಲ್ಲಿ ಹಳೆಯ ಕಾರು ಮಾರುವವರ ಜಾಹೀರಾತಿನಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಸಿಗುತ್ತದೆ: 'ಹನ್ನೆರಡು ತಿಂಗಳ ಎಂಒಟಿ ಇದೆ'. ವಾಹನ ರಸ್ತೆಗಿಳಿಯಲು ಯೋಗ್ಯವೆಂದು ವರ್ಷಕ್ಕೊಮ್ಮೆ ನೀಡುವ ಪ್ರಮಾಣಪತ್ರವಿದು. ಕೊಳ್ಳುವವನು ಈ ಮಾತನ್ನು ಕಾರು ಗಟ್ಟಿಯಾಗಿದೆ ಎಂದೇ ಓದಿಕೊಳ್ಳುತ್ತಾನೆ. ಆದರೆ ಇಪ್ಪತ್ತು, ಮೂವತ್ತು ವರ್ಷ ಹಳೆಯ ಹಗುರ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಈ ಓದು ಎಷ್ಟು ಸರಿ ಎಂಬುದು ಪರಿಶೀಲಿಸಬೇಕಾದ ಸಂಗತಿ. ಅದಕ್ಕೆ ಮಜ್ದಾ ಎಂಎಕ್ಸ್-5ಕ್ಕಿಂತ ಉತ್ತಮ ಉದಾಹರಣೆ ದೊರಕುವುದು ಕಷ್ಟ.

ಮಜ್ದಾ ಎಂದರೆ ನಮ್ಮವರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಬಸ್ಸು, ಲಾರಿಗಳು. ಅದೇ ಜಪಾನಿ ಕಂಪನಿ 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಎರಡೇ ಆಸನಗಳ, ಮಡಚುವ ಛಾವಣಿಯ, ಒಂದು ಟನ್ನಿಗಿಂತ ಕಡಿಮೆ ತೂಕದ ಕಾರೊಂದನ್ನು ಅನಾವರಣಗೊಳಿಸಿತು. ಇಂತಹ ಕಾರುಗಳಿಗೆ ಹೆಸರಾಗಿದ್ದ ಬ್ರಿಟಿಷ್ ಕಂಪನಿಗಳು ಆ ವೇಳೆಗೆ ಬಹುಮಟ್ಟಿಗೆ ಕಣದಿಂದ ನಿರ್ಗಮಿಸಿದ್ದವು. ಅವರ ರೋಡ್‌ಸ್ಟರ್‌ಗಳ ಸೊಗಸನ್ನು ಉಳಿಸಿಕೊಂಡು, ಅವುಗಳ ಕುಖ್ಯಾತ ಎಣ್ಣೆ ಸೋರಿಕೆಯನ್ನೂ ವಿದ್ಯುತ್ ದೋಷಗಳನ್ನೂ ಕೈಬಿಟ್ಟದ್ದೇ ಮಜ್ದಾದ ಜಾಣ್ಮೆ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಎಂಎಕ್ಸ್-5 ಕಾರ್ಖಾನೆಯಿಂದ ಹೊರಬಂದಿತು.

ಈ ಕಾರಿನ ಎಂಜಿನ್ನೂ ಗೇರ್‌ಬಾಕ್ಸೂ ದೀರ್ಘಾಯುಷಿಗಳು. ತೊಂದರೆ ಇರುವುದು ದೇಹದಲ್ಲಿ. ಬಾಗಿಲುಗಳ ಕೆಳಗೆ ಕಾರಿನ ಉದ್ದಕ್ಕೆ ಸಾಗುವ ಪೊಳ್ಳು ಉಕ್ಕಿನ ತೊಲೆಗೆ ಸಿಲ್ ಎನ್ನುತ್ತಾರೆ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂಬದಿಯ ಕೊಳವೆಗಳ ಮೂಲಕ ಕೆಳಕ್ಕೆ ಹರಿದುಹೋಗಬೇಕು. ಎಲೆ, ಕಸ, ಕೆಸರು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್‌ನ ಒಳಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ಬ್ರಿಟನ್ನಿನ ರಸ್ತೆಗಳಿಗೆ ಉಪ್ಪು ಚೆಲ್ಲುವುದರಿಂದ ಹೊರಗಿನಿಂದಲೂ ಆಕ್ರಮಣ ನಡೆಯುತ್ತದೆ. ಪರಿಣಾಮವಾಗಿ ಹಿಂಚಕ್ರದ ಮುಂಭಾಗದಲ್ಲಿ ಸಿಲ್ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. 1998ರಿಂದ ತಯಾರಾದ ಎರಡನೇ ಪೀಳಿಗೆಯ ಕಾರುಗಳಲ್ಲಿ ಮುಂಭಾಗದ ಚಾಸಿಸ್ ತೊಲೆಗಳೂ ಹೀಗೆ ಶಿಥಿಲವಾಗುವುದುಂಟು. ಗಟ್ಟಿ ಛಾವಣಿಯ ಕಾರಿನಲ್ಲಿ ಬಲದ ಒಂದು ಪಾಲನ್ನು ಮೇಲ್ಭಾಗ ಹೊರುತ್ತದೆ. ತೆರೆದ ಕಾರಿನಲ್ಲಿ ಆ ಭಾರವೂ ಕೆಳಗಿನ ತೊಲೆಗಳ ಮೇಲೆಯೇ ಬೀಳುತ್ತದೆ. ಪಕ್ಕದಿಂದ ಮತ್ತೊಂದು ವಾಹನ ಡಿಕ್ಕಿ ಹೊಡೆದಾಗ ತುಕ್ಕು ತಿಂದ ಸಿಲ್ ಎಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆ ಇದನ್ನು ಹಿಡಿಯುವುದಿಲ್ಲವೇ? ಹಿಡಿಯುತ್ತದೆ, ಕಣ್ಣಿಗೆ ಬಿದ್ದರೆ. ಎಂಒಟಿ ಆರಂಭವಾದದ್ದು 1960ರಲ್ಲಿ, ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಸಚಿವರಾಗಿದ್ದಾಗ. ಹತ್ತು ವರ್ಷ ದಾಟಿದ ವಾಹನಗಳ ಬ್ರೇಕ್, ದೀಪ, ಸ್ಟೀರಿಂಗ್ ನೋಡುವುದಷ್ಟೇ ಆಗಿನ ಉದ್ದೇಶ. ಅನುತ್ತೀರ್ಣವಾದ ವಾಹನಗಳ ಸಂಖ್ಯೆ ಕಂಡು ಬೆಚ್ಚಿದ ಸರ್ಕಾರ ವಯೋಮಿತಿಯನ್ನು ಬೇಗನೆ ಏಳಕ್ಕೆ, 1967ರಲ್ಲಿ ಮೂರಕ್ಕೆ ಇಳಿಸಿತು. ಈಗ ಪಟ್ಟಿ ಬಹಳ ಬೆಳೆದಿದೆ. ಆದರೂ ಪರೀಕ್ಷಕನು ಕಾರಿನ ಯಾವ ಭಾಗವನ್ನೂ ಬಿಚ್ಚುವಂತಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಇರುವುದು ಅವನ ಲೆಕ್ಕಕ್ಕೆ ಬರುವುದಿಲ್ಲ. ಸಂಶಯ ಬಂದ ಜಾಗವನ್ನು ಒತ್ತಿ ನೋಡಬಹುದು, ಮೆಲ್ಲಗೆ ತಟ್ಟಿ ನೋಡಬಹುದು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿಯಂತೂ ಪರೀಕ್ಷೆಯ ವ್ಯಾಪ್ತಿಗೇ ಸೇರಿಲ್ಲ. ಅಂದರೆ ಎಂಎಕ್ಸ್-5ರ ಅತ್ಯಂತ ನಂಬಿಕಸ್ತ ಅಂಗಗಳನ್ನು ಎಂಒಟಿ ನೋಡುವುದಿಲ್ಲ. ನೋಡಲೇಬೇಕಾದ ದುರ್ಬಲ ಅಂಗ ಅದರ ಕಣ್ಣಿಗೆ ತಡವಾಗಿ ಬೀಳುತ್ತದೆ.

ಈ ನಡುವೆ ಟಿಂಕರಿಂಗ್ ಕೈಚಳಕವೂ ಸೇರಿಕೊಳ್ಳುತ್ತದೆ. ಭಾರ ಹೊರುವ ಭಾಗದ ದುರಸ್ತಿಗೆ ಪುಟ್ಟಿ, ಫೈಬರ್ ಸಲ್ಲದು, ಹೊಸ ತಗಡನ್ನು ಸುತ್ತಲೂ ಬೆಸುಗೆ ಹಾಕಬೇಕು ಎಂಬುದು ನಿಯಮ. ಆದರೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ತಳಕ್ಕೆ ದಪ್ಪನೆಯ ಕಪ್ಪು ಲೇಪ ಹಚ್ಚಿದರೆ ನುರಿತವನೂ ಮೋಸಹೋಗಬಲ್ಲ.

ಅಂಕಿಅಂಶಗಳನ್ನು ನೆಚ್ಚಿಕೊಳ್ಳೋಣವೆಂದರೆ ಅಲ್ಲಿಯೂ ಒಂದು ತೊಡಕಿದೆ. ಪರೀಕ್ಷೆಯ ಫಲಿತಾಂಶಗಳನ್ನು ಬ್ರಿಟಿಷ್ ಸರ್ಕಾರ ಸಾರ್ವಜನಿಕಗೊಳಿಸುತ್ತದೆ. ಅದನ್ನಾಧರಿಸಿ ಯಾವ ಮಾದರಿ ಎಷ್ಟು ಬಾರಿ ತೇರ್ಗಡೆಯಾಯಿತೆಂದು ಪಟ್ಟಿ ಮಾಡುವವರೂ ಇದ್ದಾರೆ. ಆದರೆ ಹಳೆಯ ಸ್ಪೋರ್ಟ್ಸ್ ಕಾರು ಅನೇಕರಿಗೆ ಮನೆಯ ಎರಡನೇ ಕಾರು. ಬಿಸಿಲಿನ ಭಾನುವಾರ ಹೊರಬಂದು ಉಳಿದ ದಿನ ಷೆಡ್ಡಿನಲ್ಲಿರುತ್ತದೆ. ದಿನವೂ ಓಡುವ ಅದೇ ವಯಸ್ಸಿನ ಕುಟುಂಬದ ಕಾರಿನೊಡನೆ ಅದನ್ನು ಹೋಲಿಸುವುದು ನ್ಯಾಯವಲ್ಲ. ಮೇಲಾಗಿ, ತುಕ್ಕಿಗೆ ಬಲಿಯಾಗಿ ಗುಜರಿ ಸೇರಿದ ಕಾರುಗಳು ಮರುವರ್ಷ ಪರೀಕ್ಷೆಗೆ ಬರುವುದೇ ಇಲ್ಲ. ಬದುಕುಳಿದವರ ಆರೋಗ್ಯ ನೋಡಿ ಊರಿನಲ್ಲಿ ರೋಗವೇ ಇರಲಿಲ್ಲ ಎಂದಂತಾಗುತ್ತದೆ.

ಪರೀಕ್ಷೆ ಮಾಡುವವರು ಯಾರೆಂಬುದೂ ಮುಖ್ಯ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಪರವಾನಗಿ ಪಡೆದ ಖಾಸಗಿ ಗ್ಯಾರೇಜುಗಳೇ ಬಹುತೇಕ ಈ ಕೆಲಸ ಮಾಡುತ್ತವೆ. ದೋಷ ಕಂಡುಹಿಡಿಯುವವನೂ ಅದನ್ನು ಸರಿಪಡಿಸಿ ಹಣ ಪಡೆಯುವವನೂ ಒಬ್ಬನೇ ಆಗಬಹುದು. ಉತ್ತರ ಐರ್ಲೆಂಡ್‌ನಲ್ಲಿ ಮಾತ್ರ ಸರ್ಕಾರಿ ಕೇಂದ್ರಗಳೇ ಪರೀಕ್ಷಿಸುತ್ತವೆ. ಅದೂ ಪರಿಪೂರ್ಣವಲ್ಲ: 2020ರ ಜನವರಿಯಲ್ಲಿ ವಾಹನ ಎತ್ತುವ ಲಿಫ್ಟುಗಳಲ್ಲೇ ಬಿರುಕು ಪತ್ತೆಯಾಗಿ ಅಲ್ಲಿ ಪರೀಕ್ಷೆ ಸ್ಥಗಿತವಾಗಿತ್ತು!

ಹಾಗಾದರೆ ಎಂಒಟಿ ನಿರರ್ಥಕವೇ? ಖಂಡಿತ ಅಲ್ಲ. ಅದರ ಬೆಲೆ ಇರುವುದು ಈ ವರ್ಷದ ಪ್ರಮಾಣಪತ್ರದಲ್ಲಿ ಅಲ್ಲ, ಹಿಂದಿನ ವರ್ಷಗಳ ದಾಖಲೆಯಲ್ಲಿ. ಈ ಮೂರು ಪ್ರದೇಶಗಳ ಯಾವುದೇ ಕಾರಿನ ನೋಂದಣಿ ಸಂಖ್ಯೆ ನಮೂದಿಸಿದರೆ 2005ರಿಂದೀಚಿನ ಪರೀಕ್ಷೆಗಳ ಫಲಿತಾಂಶ, ಓಡಿದ ಮೈಲಿ, ಪರೀಕ್ಷಕ ಬರೆದ ಎಚ್ಚರಿಕೆಯ ಮಾತುಗಳು ಯಾರಿಗೂ ಉಚಿತವಾಗಿ ಲಭ್ಯ. ಮೂರು ವರ್ಷ ಸತತವಾಗಿ 'ಸಿಲ್‌ಗೆ ತುಕ್ಕು ಹಿಡಿದಿದೆ' ಎಂಬ ಟಿಪ್ಪಣಿ ಇದ್ದು ನಾಲ್ಕನೆಯ ವರ್ಷ ಅದು ಸದ್ದಿಲ್ಲದೆ ಮಾಯವಾಗಿದ್ದರೆ ಕೊಳ್ಳುವವನು ಬೆಸುಗೆ ಕೆಲಸದ ರಸೀದಿ ಕೇಳಬೇಕು. ತಳಭಾಗಕ್ಕೆ ದಪ್ಪ ಲೇಪ ಹಚ್ಚಲಾಗಿದೆ ಎಂಬ ಟಿಪ್ಪಣಿ ಹಠಾತ್ತನೆ ಕಂಡರೂ ಅಷ್ಟೇ. ತುಕ್ಕಿನಿಂದ ಒಮ್ಮೆ ಅನುತ್ತೀರ್ಣವಾಗಿ, ಸರಿಯಾಗಿ ದುರಸ್ತಿಗೊಂಡು ಮತ್ತೆ ತೇರ್ಗಡೆಯಾದ ಕಾರು, ಎಂದೂ ಅನುತ್ತೀರ್ಣವಾಗದ ಕಾರಿಗಿಂತ ಹೆಚ್ಚು ವಿಶ್ವಾಸಾರ್ಹವಾಗಿರಬಹುದು ಎಂಬುದು ಈ ಲೇಖಕನ ಅಭಿಪ್ರಾಯ.

ನಮ್ಮಲ್ಲಿ ಇಂತಹ ದಾಖಲೆಯೇ ಇಲ್ಲದಿರುವುದು ಗಮನಾರ್ಹ. ಖಾಸಗಿ ಕಾರು ಹದಿನೈದು ವರ್ಷ ತುಂಬಿದಾಗ ಮೊದಲ ಬಾರಿಗೆ ಎಫ್‌ಸಿಗಾಗಿ ಆರ್‌ಟಿಒ ಮೆಟ್ಟಿಲೇರುತ್ತದೆ. ಬಳಿಕ ಐದು ವರ್ಷಕ್ಕೊಮ್ಮೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳು 2021ರಲ್ಲಿ ಪ್ರಕಟವಾದವು. 2022ರ ಏಪ್ರಿಲ್‌ನಲ್ಲಿ ಹಳೆಯ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಶುಲ್ಕ ಏರಿದರೂ, ಹಿಂದಿನ ಪರೀಕ್ಷೆಯಲ್ಲಿ ಯಾವ ದೋಷ ಕಂಡುಬಂದಿತ್ತು ಎಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಬೆಂಗಳೂರಿನವನಿಗಾಗಲಿ ಹುಬ್ಬಳ್ಳಿಯವನಿಗಾಗಲಿ ತಿಳಿಯುವ ದಾರಿಯಿಲ್ಲ. ಪರಿಚಯದ ಮೆಕ್ಯಾನಿಕ್ಕೇ ಗತಿ.

ಬ್ರಿಟನ್ನಿನ ವ್ಯವಸ್ಥೆಗೂ ಈಗ ಒಂದು ವಿಚಿತ್ರ ತಿರುವು ಕಾದಿದೆ. ಮೊದಲ ಪರೀಕ್ಷೆಯನ್ನು ಮೂರರ ಬದಲು ನಾಲ್ಕನೆಯ ವರ್ಷಕ್ಕೆ ಮುಂದೂಡುವ ಪ್ರಸ್ತಾವ 2023ರಲ್ಲಿ ಬಂದಿತ್ತು. 2024ರ ಜನವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಹೊಸ ಕಾರಿನ ಬಗ್ಗೆ ಇಷ್ಟು ಎಚ್ಚರ ವಹಿಸುವ ದೇಶದಲ್ಲಿ, ಹೆಚ್ಚಿನ ಮಾರ್ಪಾಡಿಲ್ಲದೆ ನಲವತ್ತು ವರ್ಷ ದಾಟಿದ ವಾಹನಗಳಿಗೆ 2018ರ ಮೇ ತಿಂಗಳಿಂದ ಎಂಒಟಿ ವಿನಾಯಿತಿ ಇದೆ. ವಾಹನವನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕನದೇ. ಅಪಾಯಕಾರಿ ಸ್ಥಿತಿಯ ಕಾರು ಓಡಿಸಿದರೆ 2,500 ಪೌಂಡ್‌ವರೆಗೆ ದಂಡ ಬೀಳಬಹುದು. ನಿಯಮ ಹೀಗೆಯೇ ಮುಂದುವರಿದರೆ ಮೊಟ್ಟಮೊದಲ ಎಂಎಕ್ಸ್-5ಗಳು ಆ ವಯಸ್ಸು ಮುಟ್ಟುವುದು 2029ರಲ್ಲಿ. ಆ ಬಳಿಕ ಅವುಗಳ ಸಿಲ್‌ಗಳನ್ನು ವರ್ಷಕ್ಕೊಮ್ಮೆ ತಟ್ಟಿ ನೋಡಬೇಕೋ ಬೇಡವೋ ಎಂಬುದನ್ನು ಮಾಲೀಕನೇ ನಿರ್ಧರಿಸುತ್ತಾನೆ.