ಮುಂಗಡ ನಮ್ಮದು, ಬೆಳವಣಿಗೆ ಅವರದು

ಸರಕಾರಿ ನೌಕರನು ಎಲ್.ಟಿ.ಸಿ. ಮುಂಗಡ ಪಡೆದರೆ ಹತ್ತು ದಿನದೊಳಗೆ ಟಿಕೇಟು ತೋರಿಸಬೇಕು. ಪ್ರಯಾಣ ರದ್ದಾಯಿತೋ, ಅಷ್ಟೂ ಹಣವನ್ನು ಒಂದೇ ಕಂತಿನಲ್ಲಿ ಮರಳಿಸಬೇಕು, ತಡಮಾಡಿದರೆ ದಂಡಬಡ್ಡಿ. ಇಂಥ ಕಡತಗಳ ನಡುವೆಯೇ ದಿನ ಕಳೆಯುವ ನನಗೆ ಈ ಬಿಗಿಯ ಬಗ್ಗೆ ತಕರಾರಿಲ್ಲ. ಸಾರ್ವಜನಿಕರ ಹಣವೆಂದರೆ ಹಾಗೆಯೇ ಇರಬೇಕು. ಆದರೆ ಅದೇ ನೌಕರನು ನಿವೃತ್ತನಾಗಿ, ಗ್ರಾಚುಯಿಟಿಯ ಗಂಟಿನಿಂದ ಆರೇಳು ಲಕ್ಷ ತೆಗೆದು, ಗಂಡ ಹೆಂಡಿರಿಬ್ಬರ ಯುರೋಪು ಪ್ರವಾಸಕ್ಕೆಂದು ಕಂಪನಿಯೊಂದಕ್ಕೆ ಆರು ತಿಂಗಳು ಮೊದಲೇ ಕಟ್ಟಿದನೆನ್ನಿ. ಆ ಕಂಪನಿ ಇಂತಿಷ್ಟು ದಿನದಲ್ಲಿ ಟಿಕೇಟು ತೋರಿಸಬೇಕೆಂಬ ಕಾನೂನು ಎಲ್ಲಿದೆ? ಆ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕೆಂಬ ಕಾನೂನು ಎಲ್ಲಿದೆ? ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಎಂಬುದೊಂದು ಇದೆ. ಅದೂ ಕಂಪನಿಗೆ ಬೇಕಿದ್ದರೆ ಉಂಟು, ಬೇಡವಾದರೆ ಇಲ್ಲ.

“ದೊಡ್ಡ ಕಂಪನಿ ಮಾರಾಯರೇ, ನೂರಾರು ವರ್ಷದ ಹೆಸರು” ಎನ್ನುತ್ತಾರೆ ನಮ್ಮವರು. ಹೆಸರಿನ ಕಥೆಯನ್ನೇ ನೋಡೋಣ. ಥಾಮಸ್ ಕುಕ್ ಎಂಬ ಬಡಗಿ, ಪಾನನಿರೋಧದ ಪ್ರಚಾರಕ, 1841ರ ಜುಲೈ 5ರಂದು ಇಂಗ್ಲೆಂಡಿನ ಲೆಸ್ಟರಿನಿಂದ ಲಫ್‌ಬರೋಗೆ ಸುಮಾರು ಐನೂರು ಜನರನ್ನು ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಶಿಲ್ಲಿಂಗು. ಹೋದದ್ದು ಕುಡಿತ ಬಿಡಿಸುವ ಸಭೆಗೆ. (ಇಂದು ವಿಮಾನ ನಿಲ್ದಾಣದ ಸುಂಕರಹಿತ ಬಾಟಲಿಗಳ ಸಾಲನ್ನು ಆ ಪುಣ್ಯಾತ್ಮ ನೋಡಬೇಕಿತ್ತು.) 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಅವನು ಒಂದೂವರೆ ಲಕ್ಷದಷ್ಟು ಜನರನ್ನು ಸಾಗಿಸಿದ. 1855ರಲ್ಲಿ ಯುರೋಪು, 1869ರಲ್ಲಿ ಈಜಿಪ್ತು ಮತ್ತು ಪ್ಯಾಲೆಸ್ಟೈನ್, 1881ರಲ್ಲಿ ನಮ್ಮ ಮುಂಬಯಿಯಲ್ಲೇ ಕಚೇರಿ.

ಕುಕ್ ಬುದ್ಧಿವಂತ, ಶ್ರಮಜೀವಿ. ಬಡ ಕೂಲಿಕಾರನಿಗೂ ಊರಾಚೆಯ ಲೋಕ ತೋರಿಸಿದವನು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳವಣಿಗೆಯ ಗುಟ್ಟು ಬರೇ ಶ್ರಮದಲ್ಲಿರಲಿಲ್ಲ. ಹೋಟೆಲಿನ ಕೂಪನ್ನುಗಳನ್ನು ಮೊದಲೇ ಮಾರಿದರು. 1874ರಲ್ಲಿ ಪ್ರವಾಸಿಗಳಿಗೆ ಹುಂಡಿಯಂಥ ನೋಟುಗಳನ್ನು ಮಾರಿದರು. ಗಿರಾಕಿ ಇಂದು ಹಣ ಕೊಡುತ್ತಾನೆ, ಕಂಪನಿ ಹೋಟೆಲಿನವನಿಗೆ ಅನಂತರ ಕೊಡುತ್ತದೆ. ನಡುವಿನ ತಿಂಗಳುಗಳಲ್ಲಿ ಆ ಹಣ ಬಡ್ಡಿಯಿಲ್ಲದ ಸಾಲ. ಸಾಲ ಕೊಟ್ಟವನಿಗೆ ತಾನು ಸಾಲ ಕೊಟ್ಟಿದ್ದೇನೆಂಬುದೇ ಗೊತ್ತಿಲ್ಲ! ಪ್ರವಾಸದ ಧಂದೆಯ ಜೀವಾಳ ಇದು.

ಮುಂದೆ ಆ ಸಂಸ್ಥೆ ಎಷ್ಟೋ ಕೈ ಬದಲಾಯಿಸಿತು. 1948ರಿಂದ 1972ರವರೆಗೆ ಬ್ರಿಟಿಷ್ ಸರಕಾರದ ಸ್ವತ್ತಾಗಿಯೂ ಇತ್ತು. 2007ರಲ್ಲಿ ಮೈಟ್ರಾವೆಲ್ ಎಂಬ ಇನ್ನೊಂದು ಕಂಪನಿಯೊಡನೆ ಕೂಡಿಕೊಂಡು ಇನ್ನಷ್ಟು ಉಬ್ಬಿತು. 2011ರಲ್ಲಿಯೇ ಬ್ಯಾಂಕುಗಳು ಕೈಹಿಡಿಯದಿದ್ದರೆ ಮುಳುಗುತ್ತಿತ್ತು. ಬಲೂನು ದೊಡ್ಡದಾದಷ್ಟೂ ಅದರ ರಬ್ಬರು ತೆಳುವಾಗುತ್ತದೆ, ಇದಕ್ಕೆ ಬಿ.ಎಸ್ಸಿ. ಓದಬೇಕಿಲ್ಲ. ಕೊನೆಗೆ 150 ಕೋಟಿ ಪೌಂಡಿಗೂ ಮಿಕ್ಕ ಸಾಲ ಹೊತ್ತು, 2019ರ ಸೆಪ್ಟೆಂಬರ್ 23ರಂದು, 178 ವರ್ಷಗಳ ಹೆಸರು ಬಾಗಿಲು ಹಾಕಿತು. (ಇಲ್ಲಿನ ಥಾಮಸ್ ಕುಕ್ ಇಂಡಿಯಾ 2012ರಲ್ಲೇ ಕೆನಡಾದ ಫೇರ್‌ಫ್ಯಾಕ್ಸ್ ಪಾಲಾಗಿದ್ದರಿಂದ ಅದಕ್ಕೆ ಈ ಬಿಸಿ ತಟ್ಟಲಿಲ್ಲವೆಂಬುದನ್ನೂ ಹೇಳಬೇಕು.)

ಅಂದು ಬ್ರಿಟನ್ನಿನ ಸುಮಾರು ಒಂದೂವರೆ ಲಕ್ಷ ಪ್ರವಾಸಿಗಳು ಹೊರನಾಡಿನಲ್ಲಿದ್ದರು. ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರ ವಿಮಾನಗಳನ್ನು ಬಾಡಿಗೆಗೆ ಹಿಡಿದು ಎರಡು ವಾರಗಳಲ್ಲಿ ಅವರನ್ನು ಊರು ಸೇರಿಸಿತು. ಆಟಾಲ್ ಎಂಬ ಪರವಾನಗಿಯ ರಕ್ಷಣೆಯಿದ್ದು ಇನ್ನೂ ಹೊರಡದಿದ್ದವರಿಗೆ ಹಣ ವಾಪಸಾಯಿತು. 1974ರಲ್ಲಿ ಕೋರ್ಟ್ ಲೈನ್ ಎಂಬ ಕಂಪನಿ ಮುಳುಗಿ ಸಾವಿರಾರು ಜನ ಪರದಾಡಿದ ಮೇಲೆ, 1975ರಲ್ಲಿ ಕಾನೂನು ಮಾಡಿ ನಿಧಿ ಕಟ್ಟಿದ್ದರ ಫಲ ಇದು. ಆ ನಿಧಿಗೆ 2019ರಲ್ಲಿ ಪ್ರವಾಸಿಯ ತಲೆಗೆ ಬೀಳುತ್ತಿದ್ದದ್ದು ಎರಡೂವರೆ ಪೌಂಡು ಮಾತ್ರ. ಇಂಥ ನಿಧಿ ಮಾಡಿದರೆ ಪ್ರವಾಸದ ದರ ಏರುತ್ತದೆಂದು ಹೆದರಿಸುವವರು ಈ ಲೆಕ್ಕ ನೋಡಲಿ.

ಈಗ ನಮ್ಮ ಕಡೆಗೆ ಬನ್ನಿ. ಅದೇ 2019ರಲ್ಲಿ, 1758ರಿಂದ ಹೆಸರು ಹೇಳಿಕೊಳ್ಳುತ್ತಿದ್ದ, ಮುಂಬಯಿಯಲ್ಲೇ ಕೇಂದ್ರ ಕಚೇರಿಯಿದ್ದ ಕಾಕ್ಸ್ ಅಂಡ್ ಕಿಂಗ್ಸ್ ಕುಸಿಯಿತು. ಅಕ್ಟೋಬರಿನಲ್ಲಿ ದಿವಾಳಿ ನ್ಯಾಯಮಂಡಳಿಗೆ ಹೋಯಿತು. ಮುಂಗಡ ಕಟ್ಟಿದವರ ಪ್ರವಾಸಗಳು ರದ್ದಾದವು. ಅವರಿಗೆ ನಿಧಿ ಇತ್ತೇ? ಬ್ಯಾಂಕುಗಳ ಹಿಂದೆ, ಕ್ಲೇಮು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವ ಭಾಗ್ಯ ಇತ್ತು.

ಸರಕಾರಕ್ಕೆ ಆಗದ ಕೆಲಸವೇ ಇದು? ಮನೆ ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಬಿಲ್ಡರನು ಬೇರೆ ಖಾತೆಯಲ್ಲೇ ಇಡಬೇಕೆಂದು 2016ರ ರೇರಾ ಕಾನೂನು ಹೇಳುತ್ತದೆ. ಬ್ಯಾಂಕಿನ ಠೇವಣಿಗೆ 2020ರಿಂದ ಐದು ಲಕ್ಷದವರೆಗೆ ವಿಮೆ ಇದೆ. ಇನ್ನೂ ಒಂದು ಮಾತು. 2020ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಆದಾಯ ತೆರಿಗೆಯನ್ನು ಮೊದಲೇ ವಸೂಲು ಮಾಡಿ ಕಟ್ಟುವ ಹೊಣೆಯನ್ನು ಪ್ರವಾಸ ಕಂಪನಿಯ ಮೇಲೆಯೇ ಹೊರಿಸಿದ್ದಾರೆ. ಅಂದರೆ ಯಾರು, ಯಾವಾಗ, ಎಷ್ಟು ಕಟ್ಟಿದರೆಂಬ ಲೆಕ್ಕ ಪ್ಯಾನ್ ನಂಬರು ಸಹಿತ ಸರಕಾರದ ಬಳಿ ಇದೆ. ತನ್ನ ಪಾಲನ್ನು ಪೈಸೆ ಬಿಡದೆ ಹಿಡಿಯಬಲ್ಲ ಸರಕಾರಕ್ಕೆ, ಉಳಿದ ಹಣ ಪ್ರವಾಸಿಯದೆಂದು ಭದ್ರಪಡಿಸಲು ಏನು ಅಡ್ಡಿ?

ಇದೇ ಮಾಸಪತ್ರಿಕೆಯ ರಕ್ಷಾಪುಟದಲ್ಲಿ ಆಗಾಗ ಪ್ರವಾಸದ ಜಾಹೀರಾತು ಬರುತ್ತದೆ, ಸಂಪಾದಕರು ಕ್ಷಮಿಸಬೇಕು. ಜಾಹೀರಾತು ಬರಲಿ, ಜನ ಹೋಗಲಿ, ಲೋಕ ನೋಡಿ ಬರಲಿ. ಆದರೆ ಹಣ ಕಟ್ಟುವ ಮುನ್ನ ಮುಂಗಡ ಯಾವ ಖಾತೆಗೆ ಹೋಗುತ್ತದೆ, ಹೋಟೆಲಿಗೆ ಹಣ ಸಂದಾಯವಾದ ರಸೀತಿ ಯಾವಾಗ ಸಿಗುತ್ತದೆ ಎಂದು ಕೇಳಿ. ಅರ್ಧವಾದರೂ ವೀಸಾ, ಟಿಕೇಟು ಕೈಗೆ ಬಂದ ಮೇಲೆ ಎಂದು ಹಟ ಹಿಡಿಯಿರಿ. ಒಪ್ಪದಿದ್ದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.

ಮುಂಗಡದ ಹಣಕ್ಕೆ ಪ್ರತ್ಯೇಕ ಖಾತೆ ಮತ್ತು ರಕ್ಷಣಾ ನಿಧಿ ಬೇಕೆಂದು ಪ್ರವಾಸೋದ್ಯಮ ಸಚಿವಾಲಯವನ್ನು ಒತ್ತಾಯಿಸುವ ಠರಾವಿನ ಕರಡನ್ನು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಮಹಾಸಭೆಗೆ ಮೊದಲು ಅದನ್ನು ಓದಿ ಸಹಿ ಹಾಕಲಿಚ್ಛಿಸುವವರು ಭಾನುವಾರ ಸಂಜೆ ಸಂಘದ ವಾಚನಾಲಯಕ್ಕೆ ಬರಬಹುದು.