ಕೂಸು ಮೈಸೂರಿನಲ್ಲಿ, ತಾಯಿ ಕೆ.ಆರ್.ಪೇಟೆಯಲ್ಲಿ!

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಕೂಸಿನ ತೂಕ ಕಮ್ಮಿ, ಉಸಿರು ಸರಿಯಿಲ್ಲ ಎಂದಾದರೆ ಮುಂದೇನಾಗುತ್ತದೆ ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಂಬ್ಯುಲೆನ್ಸ್ ಬರುತ್ತದೆ. ಕೂಸನ್ನೆತ್ತಿಕೊಂಡು ಅಜ್ಜಿ ಹತ್ತುತ್ತಾಳೆ, ಹಿಂದೆಯೇ ಅದರಪ್ಪ. ಮಂಡ್ಯದ ಮಿಮ್ಸೋ, ಮೈಸೂರಿನ ಚೆಲುವಾಂಬವೋ, ಜಾಗ ಸಿಕ್ಕ ಕಡೆ ಗಾಜಿನ ಪೆಟ್ಟಿಗೆಗೆ ಸೇರಿಸುತ್ತಾರೆ. ಆಪರೇಷನ್ ಆದ ತಾಯಿ ಮಾತ್ರ ಇಲ್ಲೇ ಮಂಚದ ಮೇಲೆ. ಶ್ರೀರಂಗಪಟ್ಟಣದವರಿಗಾದರೆ ಮೈಸೂರು ಸುಮಾರು 15 ಕಿ.ಮೀ.; ಕೆ.ಆರ್.ಪೇಟೆಯವರಿಗೆ 50 ದಾಟುತ್ತದೆ.

ಅಲ್ಲಿ ಔಷಧಿ ಸಿಗುತ್ತದೆ, ಸರಿ. ಹಾಲು?

ಹಸು ಕಟ್ಟಿ ಬದುಕುವ ಜಿಲ್ಲೆಯಿದು. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬತ್ತುತ್ತದೆಂದು ಇಲ್ಲಿನ ಚಿಕ್ಕ ಹುಡುಗರಿಗೂ ಗೊತ್ತು. ಬಾಣಂತಿಯದೂ ಅಷ್ಟೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ, ರಾತ್ರಿಯೂ ಸೇರಿ ದಿನಕ್ಕೆ 8 ಸಲವಾದರೂ ಹಿಂಡಿ ತೆಗೆದರೆ ಎದೆಹಾಲು ನಿಲ್ಲದೆ ಬರುತ್ತದೆ. ಆದರೆ ಹೇಳಿಕೊಡುವವರು ಯಾರು? ನರ್ಸಮ್ಮನಿಗೆ ವಾರ್ಡು ತುಂಬ ಕೆಲಸ. 'ಕೂಸೇ ಇಲ್ಲಿಲ್ವಲ್ಲ, ಹಾಲ್ಯಾಕೆ?' ಎಂದು ಮನೆಯವರೂ ಸುಮ್ಮನಾಗುತ್ತಾರೆ. ವಾರ ಕಳೆದು ತಾಯಿ ಕೂಸಿನ ಮುಖ ಕಾಣುವ ಹೊತ್ತಿಗೆ ಎದೆ ಬತ್ತಿ, ಡಬ್ಬದ ಪುಡಿ ಬಂದು ಕೂತಿರುತ್ತದೆ.

ತಿಂಗಳು ತುಂಬದ ಕೂಸಿಗೆ ಡಬ್ಬದ ಹಾಲಿನಿಂದ ಕರುಳು ಕೊಳೆಯುವ ಕಾಯಿಲೆಯ ಅಪಾಯ ಹೆಚ್ಚು, ತಾಯಿಹಾಲು ಕುಡಿದರೆ ಕಮ್ಮಿ ಎಂಬುದು ಡಾಕ್ಟರುಗಳಿಗೆ ಹಳೆಯ ಸಂಗತಿ. ಮೊದಲ ದಿನದ ಹಳದಿ ಹಾಲು ಚಮಚದಷ್ಟಿದ್ದರೂ ಮದ್ದು. ಹಸುವಿನ ಗಿಣ್ಣನ್ನು ಬೆಲ್ಲ ಹಾಕಿ ಬೇಯಿಸಿ ನೆರೆಮನೆಗೂ ಹಂಚುವ ಜನ, ಬಾಣಂತಿಯ ಗಿಣ್ಣನ್ನು ಕೆಟ್ಟ ಹಾಲೆಂದು ಚೆಲ್ಲಿಸುವುದು ಇನ್ನೂ ಅಲ್ಲಲ್ಲಿ ಉಂಟು! ಚೀಪುವ ಶಕ್ತಿ ಸಾಲದ ಕೂಸಿಗೆ ಅಜ್ಜಿಯರ ಕಾಲದ ಒಳಲೆ ಇದೆ. ದೊಡ್ಡಾಸ್ಪತ್ರೆಗಳಲ್ಲೂ ಅದನ್ನೇ ಬಳಸುತ್ತಾರೆ.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಪುಕ್ಕಟೆ. ಬಾಣಂತಿಗೆ ಊಟವೂ ಉಂಟು: ಸಹಜ ಹೆರಿಗೆಗೆ 3 ದಿನ, ಆಪರೇಷನ್‌ಗೆ 7 ದಿನ. ಕೂಸು 20 ದಿನ ಪೆಟ್ಟಿಗೆಯಲ್ಲಿದ್ದರೆ ತಾಯಿ ಮಿಕ್ಕ ದಿನ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು? ಕಾರಿಡಾರಿನ ಚಾಪೆಯೇ ಗತಿಯೇ?

ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ, ಬೆಂಗಳೂರಿನ ವಾಣಿವಿಲಾಸದಲ್ಲಿ 2022ರಲ್ಲಿ ತಾಯಿಹಾಲಿನ ಬ್ಯಾಂಕು ಬಂತು. ಒಳ್ಳೆಯದೇ. ಆದರೆ ಈ ನಾಲ್ಕು ತಾಲ್ಲೂಕಿಗೆ ಮೊದಲು ಬೇಕಾದ್ದು ಬ್ಯಾಂಕಲ್ಲ, ಆಂಬ್ಯುಲೆನ್ಸಿನಲ್ಲಿ ತಾಯಿಗೊಂದು ಜಾಗ. ಎದ್ದು ಹೋಗಲಾರದ ತಾಯಿಗೆ ಹಾಲು ಹಿಂಡುವುದನ್ನು ಹೇಳಿಕೊಡಲು ಒಬ್ಬ ನರ್ಸು, ಇಡಲು ಫ್ರಿಜ್ಜು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಕೆಂಪು ಬಸ್ಸಿನ ಚಾರ್ಜಿಲ್ಲ. ಐಸ್ ತುಂಬಿದ ಡಬ್ಬಿಯಲ್ಲಿ ಅಜ್ಜಿ ಬೆಳಗಿನ ಬಸ್ಸಿಗೇ ಹಾಲು ತರಬಲ್ಲಳು. ಅದನ್ನು ವಾರ್ಡಿನ ಬಾಗಿಲಲ್ಲಿ ತೆಗೆದುಕೊಳ್ಳುವವರು ಬೇಕಷ್ಟೆ.

ಮೆಡಿಕಲ್ ಸ್ಟೋರಿನವರಿಗೂ ಒಂದು ಮಾತು. 1992ರ ಕಾಯಿದೆಯಂತೆ ಶಿಶುಗಳ ಹಾಲಿನ ಪುಡಿಗೆ, ಹಾಲುಬಾಟಲಿಗೆ ಜಾಹೀರಾತು ಕೂಡದು. ಡಾಕ್ಟರ ಚೀಟಿ ತಂದವರಿಗೆ ಮಾರುವುದು ತಪ್ಪಲ್ಲ, ಆಸ್ಪತ್ರೆ ಗೇಟಿನೆದುರು ಬೋರ್ಡು ಹಾಕಿ ಕರೆಯುವುದು ತಪ್ಪು.

ತಾಯಿಯನ್ನೂ ಕೂಸಿನ ಜೊತೆಗೇ ಕಳಿಸಿ, ಕೂಸು ಬಿಡುಗಡೆಯಾಗುವವರೆಗೆ ಊಟ ಹಾಸಿಗೆ ಕೊಡಿ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸುವರೆ?